ಎರಡೂವರೆ ಡಿಗ್ರಿ

ಅಂಗಡಿಗೆ ಬಂದವರು ಸುಟ್ಟು ಕರಕಲಾದ ಮಿಕ್ಸಿಯನ್ನು ಮೇಜಿನ ಮೇಲಿಟ್ಟು "ನಾವೇನೂ ಮಾಡಿಲ್ಲ, ತಾನಾಗೇ ನಿಂತುಹೋಯ್ತು" ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮನೆಯ ಮುಂದಿನ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಮಿಕ್ಸಿ, ಫ್ಯಾನು, ರೇಡಿಯೊ ರಿಪೇರಿ ಮಾಡಿಕೊಂಡು ಬಂದವಳು ನಾನು. ಕೆಟ್ಟ ವಸ್ತುವಿನ ಮೇಲೆ ನನಗೆ ಕನಿಕರ ಇಲ್ಲ, ಕೆಡಿಸಿದವರ ಮೇಲಂತೂ ಮೊದಲೇ ಇಲ್ಲ. ಅಂಥವಳು ಈಗ ಕೆಟ್ಟು ಕೂತ ಒಂದು ಪ್ಲಾಸ್ಟಿಕ್ ಡಬ್ಬಿಗೆ ಕೈ ಮುಗಿಯಬೇಕು ಅನ್ನುತ್ತಿದ್ದೇನೆ ಅಂದರೆ ಅದಕ್ಕೆ ಕಾರಣ ಇರಬೇಕಲ್ಲ. ಇದೆ. ಅದು ನೆಟ್ಟಗೆ ಕೆಲಸ ಮಾಡಿದ್ದರೆ ಇವರು ಇವತ್ತಿಗೂ ಆ ಕುರ್ಚಿಯಲ್ಲೇ ಕೂತಿರುತ್ತಿದ್ದರು.

ಇವರು ಅಂದರೆ ನಮ್ಮ ಯಜಮಾನರು. ಊರಾಚೆಯ ಸಣ್ಣ ವಿಮಾನ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಹವಾಮಾನ ವೀಕ್ಷಕರಾಗಿದ್ದರು. ಬಯಲಲ್ಲಿ ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಪೆಟ್ಟಿಗೆ. ಅದರ ಬಾಗಿಲು ತೆಗೆದು ಥರ್ಮಾಮೀಟರು ನೋಡಿ ಪುಸ್ತಕದಲ್ಲಿ ಬರೆಯುವುದು ಕೆಲಸ. ಇದಕ್ಕೂ ಸಂಬಳ ಕೊಡುತ್ತಾರಾ ಅಂತ ಮದುವೆಯಾದ ಹೊಸದರಲ್ಲಿ ನಾನು ಕೇಳಿದ್ದುಂಟು. ಅದು ಸಾಲದು ಅಂತ ಮನೆಯ ತಾರಸಿ ಮೇಲೂ ಒಂದು ಗಾಜಿನ ಥರ್ಮಾಮೀಟರು, ಮನೆಯಲ್ಲೂ ಒಂದು ಉದ್ದನೆಯ ಪುಸ್ತಕ. ರಜೆ ಇದ್ದರೂ ಜ್ವರ ಬಂದರೂ ಬೆಳಿಗ್ಗೆ ಎಂಟೂವರೆಗೆ ಒಂದು ಸಲ, ಸಂಜೆ ಐದೂವರೆಗೆ ಒಂದು ಸಲ. ನಮ್ಮ ಮದುವೆಯ ದಿನವೂ ಐದೂವರೆಗೆ ಗಂಡು ನಾಪತ್ತೆ. ಎಲ್ಲರೂ ಹುಡುಕಿದರೆ ತಾರಸಿ ಮೇಲೆ ಸಿಕ್ಕರು. ಥರ್ಮಾಮೀಟರು ನೋಡುವ ಮೊದಲು ಒಂದು ಗಳಿಗೆ ನಿಂತು ಇಷ್ಟಿರಬಹುದು ಅಂತ ಅಂದಾಜು ಹೇಳಿ, ಆಮೇಲೆ ನೋಡುವುದು ಅವರ ಪದ್ಧತಿ. ಅರ್ಧ ಡಿಗ್ರಿಗಿಂತ ಹೆಚ್ಚು ತಪ್ಪಿದ್ದನ್ನು ನಾನು ಕಂಡಿಲ್ಲ.

ನಿವೃತ್ತಿಯಾದ ಮೇಲೆ ಕಣ್ಣು ಹೋಯಿತು. ಕಣ್ಣಿನ ಒತ್ತಡದ ಕಾಯಿಲೆ, ಸದ್ದಿಲ್ಲದೆ ಬಂದು ಎರಡೂ ಕಣ್ಣನ್ನು ತಿಂದು ಹಾಕಿತು. ಒಂದು ಬೆಳಿಗ್ಗೆ ತಾರಸಿಯಿಂದ ಗೋಡೆ ಹಿಡಿದುಕೊಂಡು ಇಳಿದು ಬಂದು "ಪಾದರಸ ಕಾಣ್ಲಿಲ್ಲ ಕಣೇ" ಅಂದರು. ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು.

"ಅದಕ್ಕೇನಂತೆ, ನಾನು ಓದಿ ಹೇಳ್ತೀನಿ, ನೀವು ಬರೆಸಿ" ಅಂದೆ.

"ಬೇಡ. ಇನ್ನೊಬ್ಬರು ನೋಡಿದ್ದನ್ನ ನನ್ನ ಓದು ಅಂತ ಇದುವರೆಗೂ ಬರೆದಿಲ್ಲ. ಈಗ ಶುರು ಮಾಡೋದು ಬೇಡ."

ಅವತ್ತು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತವರು ಒಂದೂವರೆ ವರ್ಷ ಏಳಲಿಲ್ಲ. ಏಳಲಿಲ್ಲ ಅಂದರೆ ಊಟಕ್ಕೆ, ಸ್ನಾನಕ್ಕೆ ಏಳುತ್ತಿದ್ದರು, ಅಷ್ಟೇ. ಕೇಳಿದರೆ "ಹೂಂ", ಕೇಳದಿದ್ದರೆ ಅದೂ ಇಲ್ಲ. ನಾನು ಬೈದರೂ ತಿರುಗಿ ಬೈಯುತ್ತಿರಲಿಲ್ಲ. ಮೊದಲಾದರೆ ನನ್ನ ಒಂದು ಮಾತಿಗೆ ಎರಡು ಮಾತು ಸೇರಿಸಿ ಕೊಡುತ್ತಿದ್ದ ಮನುಷ್ಯ. ನಾನು ಅಂಗಡಿಯಲ್ಲಿ ಕೂತು ರೇಡಿಯೊ ಬಿಚ್ಚುತ್ತಾ, ಒಳಗಿನ ಕೋಣೆಯಿಂದ ಕೆಮ್ಮಿನ ಸದ್ದಾದರೂ ಬರಲಿ ಅಂತ ಕಿವಿ ಇಟ್ಟುಕೊಂಡು ಕಾಯುತ್ತಿದ್ದೆ. ಹೀಗೇ ಬಿಟ್ಟರೆ ಇವರು ನನ್ನ ಕೈಗೆ ಸಿಗುವುದಿಲ್ಲ ಅಂತ ನನಗೆ ಭಯ ಹತ್ತಿಕೊಂಡಿತ್ತು. ಆ ಭಯವನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಆಗ ನನಗೆ ಹೊಳೆದದ್ದು ಮಾತಾಡುವ ಥರ್ಮಾಮೀಟರು. ಗುಂಡಿ ಒತ್ತಿದರೆ ತಾರಸಿಯ ಶಾಖ ಎಷ್ಟು ಅಂತ ಅದೇ ಹೇಳಬೇಕು. ಮಧ್ಯೆ ನಾನೂ ಇಲ್ಲ, ಇನ್ಯಾರೂ ಇಲ್ಲ. ಇವರ ಕಿವಿಗೆ ಬಿದ್ದದ್ದು ಇವರದೇ ಓದು. ಶಾಖ ಅಳೆಯುವ ಸೆನ್ಸರು ಉಗುರಿನಷ್ಟು ಚಿಕ್ಕದು. ಅದರ ಪಕ್ಕ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಬೋರ್ಡು. ಸೆನ್ಸರು ಹೇಳಿದ್ದನ್ನು ಕೇಳಿಸಿಕೊಂಡು ಕೆಳಗೆ ಕುರ್ಚಿ ಪಕ್ಕದ ಸ್ಪೀಕರಿಗೆ ವೈರಿಲ್ಲದೆ ಕಳಿಸುವುದು ಅದರ ಕೆಲಸ. ಪ್ರೋಗ್ರಾಮನ್ನು ಅರ್ಧ ಕಲಿತು ಅರ್ಧ ನಕಲು ಹೊಡೆದು ನಾನೇ ಬರೆದೆ. ಎಲ್ಲವನ್ನೂ ಒಂದು ಬಿಳಿ ತಿಂಡಿ ಡಬ್ಬಿಯೊಳಗೆ ಕೂರಿಸಿ, ಸಂದುಗೊಂದಿಗೆಲ್ಲ ಅಂಟು ತುಂಬಿ, ಮಳೆ ಬಂದರೂ ಒಂದು ಹನಿ ಒಳಗೆ ಹೋಗದ ಹಾಗೆ ಮಾಡಿ ತಾರಸಿಯ ಕಂಬಕ್ಕೆ ಕಟ್ಟಿದೆ. ನನ್ನ ಕೈಯಿಂದ ಹೊರಟ ಯಾವ ಮಾಲಿಗೂ ನೀರು ನುಗ್ಗಿದ ಇತಿಹಾಸ ಇಲ್ಲ.

ದನಿ ಬೇಕಿತ್ತಲ್ಲ, ಅದಕ್ಕೆ ನಮ್ಮ ನಾದಿನಿಯನ್ನು ಹಿಡಿದು ಕೂರಿಸಿದೆ. ಇವರ ಒಬ್ಬಳೇ ತಂಗಿ, ಎರಡು ಬೀದಿ ಆಚೆ ಇರುವವಳು, ಶಾಲೆಯಲ್ಲಿ ಗಣಿತ ಹೇಳುತ್ತಾಳೆ. ಸೊನ್ನೆಯಿಂದ ಐವತ್ತರವರೆಗೆ ಎಲ್ಲ ಅಂಕಿಗಳನ್ನೂ ಅವಳು ಹೇಳಿದಳು, ನಾನು ರೆಕಾರ್ಡ್ ಮಾಡಿಕೊಂಡೆ. "ಸ್ವಲ್ಪ ಮೆತ್ತಗೆ ಹೇಳು ಕಣೇ" ಅಂದರೆ "ಮೆತ್ತಗೇ ಹೇಳ್ತಿದೀನಲ್ಲ ಅತ್ತಿಗೆ!" ಅಂತ ಕಿರುಚಿದಳು.

ಸ್ಪೀಕರು ತಂದು ಕುರ್ಚಿಯ ಪಕ್ಕದಲ್ಲಿಟ್ಟು ಇವರ ಬೆರಳನ್ನು ಗುಂಡಿಯ ಮೇಲೆ ಇಟ್ಟೆ. ಒತ್ತಿದರು.

"ಇಪ್ಪತ್ತೇಳು! ಪಾಯಿಂಟ್! ನಾಲ್ಕು!"

ಇವರು ಬೆಚ್ಚಿಬಿದ್ದರು. ಆಮೇಲೆ ನಕ್ಕರು. ಒಂದೂವರೆ ವರ್ಷದ ನಂತರ ನಕ್ಕರು. "ಇದೇನೇ ಇದು, ನನ್ನ ತಂಗಿ ಡಬ್ಬಿಯೊಳಗೆ ಕೂತ್ಕೊಂಡು ಮಗ್ಗಿ ಒಪ್ಪಿಸ್ತಿದಾಳೆ!" ಅಂದರು. ನನಗೆ ಕಣ್ಣು ತುಂಬಿ ಬಂತು, ಹೇಗೂ ಅವರಿಗೆ ಕಾಣುವುದಿಲ್ಲವಲ್ಲ ಅಂತ ಧಾರಾಳವಾಗಿ ಅತ್ತೆ. ಅಷ್ಟರಲ್ಲಿ ಅವರು ಕಿಟಕಿಯಿಂದ ಕೈ ಆಚೆ ಹಾಕಿ ಬೆರಳು ಅಗಲಿಸಿ ಒಂದು ಗಳಿಗೆ ಹಾಗೇ ಹಿಡಿದುಕೊಂಡರು.

"ತಪ್ಪು" ಅಂದರು.

"ಏನು ತಪ್ಪು?"

"ಇಪ್ಪತ್ತೈದರ ಮೇಲೆ ಇಲ್ಲ. ನಿನ್ನ ಡಬ್ಬಿ ಎರಡೂವರೆ ಡಿಗ್ರಿ ಜಾಸ್ತಿ ಹೇಳ್ತಿದೆ."

ನನಗೆ ಪಿತ್ತ ನೆತ್ತಿಗೇರಿತು. ಮೂರು ವಾರ ಊಟ ನಿದ್ದೆ ನೋಡದೆ ಮಾಡಿದ್ದೇನೆ, ಈ ಮನುಷ್ಯ ಕಿಟಕಿಯಿಂದ ಕೈ ಆಚೆ ಹಾಕಿ ತಪ್ಪು ಅನ್ನುತ್ತಾರೆ! ಒಂದೂವರೆ ವರ್ಷ ಮನೆಯೊಳಗೇ ಕೂತ ಮೈ ಇದು, ಇದಕ್ಕೇನು ಗೊತ್ತು ಅಂದುಕೊಂಡು, ದಡದಡ ಮೆಟ್ಟಿಲು ಹತ್ತಿ ಹೋಗಿ ತಾರಸಿಯ ಹಳೇ ಗಾಜಿನ ಥರ್ಮಾಮೀಟರು ನೋಡಿದೆ. ಇಪ್ಪತ್ತೈದು ತೋರಿಸುತ್ತಿತ್ತು. ಸುಮ್ಮನೆ ಇಳಿದು ಬಂದೆ.

ಆಮೇಲೆ ನಾಲ್ಕು ದಿನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತೆ. ಸೆನ್ಸರು ಬದಲಾಯಿಸಿದೆ, ಅದೇ ಎರಡೂವರೆ. ಇನ್ನೊಂದು ಹಾಕಿದೆ, ಅದೂ ಅಷ್ಟೇ. ವೈರು ಬದಲಾಯಿಸಿದೆ. ಬೆಸುಗೆಯನ್ನೆಲ್ಲ ಕಿತ್ತು ಮತ್ತೆ ಹಾಕಿದೆ. ಮೀಟರು ಹಿಡಿದು ಕರೆಂಟು ಎಲ್ಲೆಲ್ಲಿ ಎಷ್ಟೆಷ್ಟು ಬರುತ್ತಿದೆ ಅಂತ ಬೋರ್ಡಿನ ಒಂದೊಂದು ತಂತಿಕಾಲನ್ನೂ ಮುಟ್ಟಿ ನೋಡಿದೆ, ಎಲ್ಲ ಸರಿ. ಪ್ರೋಗ್ರಾಮಿನ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದೆ, ಅದೂ ಸರಿ. ಎಲ್ಲ ಸರಿ ಇದ್ದರೆ ಬರುವ ಉತ್ತರ ಮಾತ್ರ ಯಾಕೆ ತಪ್ಪು? ತಲೆ ಕೆಟ್ಟು ಮೊಸರಾಯಿತು. ಇವರು ಒಳಗಿನಿಂದ ದಿನಕ್ಕೆ ನಾಲ್ಕು ಸಲ "ಸಿಕ್ತಾ?" ಅಂತ ಕೇಳುತ್ತಿದ್ದರು. ಕೇಳುವ ದನಿಯಲ್ಲಿ ಜೀವ ಇತ್ತು. ಐದನೇ ದಿನ ಕೇಳುವುದು ಎರಡು ಸಲಕ್ಕೆ ಇಳಿಯಿತು. ಆರನೇ ದಿನ ಒಂದೇ ಸಲ ಕೇಳಿದರು.

ಏಳನೇ ದಿನ ನಾನು ಮಾಡಬಾರದ್ದನ್ನು ಮಾಡಿದೆ. ಪ್ರೋಗ್ರಾಮಿನ ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: ಬಂದ ಉತ್ತರದಿಂದ ಎರಡೂವರೆ ಕಳೆ, ಆಮೇಲೆ ಹೇಳು. ಅಷ್ಟೇ. ಒಂದು ನಿಮಿಷದ ಕೆಲಸ.

"ಸಿಕ್ತು ರೀ! ಒಂದು ಬೆಸುಗೆ ಲೂಸಾಗಿತ್ತು" ಅಂದೆ. ಬೆಸುಗೆ ಲೂಸು ಅಂತ ಗಿರಾಕಿ ಹೇಳಿದರೆ ಮುಖಕ್ಕೆ ಹೊಡೆದ ಹಾಗೆ ಮಾತಾಡುವ ನಾನು, ನನ್ನದೇ ಬೆಸುಗೆಯ ಮೇಲೆ ಸುಳ್ಳು ಹೇಳಿದೆ.

ಇವರು ಗುಂಡಿ ಒತ್ತಿದರು, ಕೈ ಆಚೆ ಹಾಕಿದರು, ತಲೆ ಆಡಿಸಿದರು. "ಈಗ ಸರಿಯಾಯ್ತು ನೋಡು ಮೆಕ್ಯಾನಿಕ್ಕು" ಅಂದರು. ಖುಷಿಯಾದಾಗ ನನ್ನನ್ನು ಕರೆಯುವುದು ಹಾಗೇ. ಆ ಹೆಸರು ಕೇಳಿ ಎಷ್ಟು ಕಾಲವಾಗಿತ್ತು!

ಕೂಡಲೇ ಪುಸ್ತಕ ತೆಗೆಯೋಣ ಅಂದೆ. ಅವರು ಒಪ್ಪಲಿಲ್ಲ. ಹೊಸ ಉಪಕರಣ ಬಂದರೆ ಎರಡು ವಾರ ಹಳೆಯದರ ಜೊತೆ ಹೋಲಿಸಿ ನೋಡಬೇಕಂತೆ, ಆಮೇಲೇ ಪುಸ್ತಕದಲ್ಲಿ ಬರೆಯಬೇಕಂತೆ. "ಹಳೆಯದು ಎಲ್ಲಿದೆ?" ಅಂದೆ. "ಇಲ್ಲೇ ಕೂತಿದೆಯಲ್ಲ, ಕಾಣಲ್ವಾ?" ಅಂತ ತಮ್ಮ ಎದೆ ತಟ್ಟಿಕೊಂಡರು.

ಆ ಎರಡು ವಾರ ನಮ್ಮ ಮನೆ ಮನೆಯಾಗಿತ್ತು. ಎಂಟೂವರೆಗೆ ಕಿಟಕಿಯಿಂದ ಕೈ, ಐದೂವರೆಗೆ ಕಿಟಕಿಯಿಂದ ಕೈ. ಅಂದಾಜು ಹೇಳಿ ಗುಂಡಿ ಒತ್ತುವರು, ತಂಗಿಯ ದನಿ ಕಿರುಚುವುದು, ಇಬ್ಬರೂ ನಗುವೆವು. ಹಳೆಯ ಕಥೆಗಳೆಲ್ಲ ಹೊರಗೆ ಬಂದವು. ಮಂಜಿನ ದಿನ ಪೆಟ್ಟಿಗೆ ಎಲ್ಲಿದೆ ಅಂತ ಸಿಗದೆ ಬಯಲಲ್ಲಿ ಸುತ್ತು ಹಾಕಿದ್ದು, ಮಳೆಗೆ ಹೆದರಿ ಸಹೋದ್ಯೋಗಿಯೊಬ್ಬ ಮನೆಯಲ್ಲೇ ಕೂತು ಅಂಕಿ ಬರೆದು ಸಿಕ್ಕಿಬಿದ್ದದ್ದು. ಆ ಸಹೋದ್ಯೋಗಿಯ ಕಥೆ ಹೇಳುವಾಗ ಇವರ ಮುಖ ಗಂಟಿಕ್ಕಿತು. "ತಿಳಿದೂ ಸುಳ್ಳು ಅಂಕಿ ಬರೆದವನ ಜೊತೆ ನಾನು ಆಮೇಲೆ ಒಂದು ಕಪ್ ಚಹಾನೂ ಕುಡೀಲಿಲ್ಲ" ಅಂದರು. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಎದ್ದು ಹೋದೆ.

ಹದಿನಾಲ್ಕನೇ ದಿನ ಬೆಳಿಗ್ಗೆ ಗಾಳಿ ಎದ್ದಿತು. ಅಂಥ ಇಂಥ ಗಾಳಿಯಲ್ಲ, ಎದುರು ಮನೆಯವರ ಬಟ್ಟೆಯೆಲ್ಲ ನಮ್ಮ ಗೇಟಿಗೆ ಬಂದು ಬಿದ್ದಿತ್ತು. ಮರುದಿನ ಪುಸ್ತಕ ಶುರು ಮಾಡುವುದೆಂದು ನಿಶ್ಚಯವಾಗಿತ್ತು. ಇವರು ಕೈ ಆಚೆ ಹಾಕಿ "ಇಪ್ಪತ್ತೊಂದು" ಅಂದು ಗುಂಡಿ ಒತ್ತಿದರು.

"ಹತ್ತೊಂಬತ್ತು! ಪಾಯಿಂಟ್! ಸೊನ್ನೆ!"

ಮತ್ತೆ ಒತ್ತಿದರು. ಹತ್ತೊಂಬತ್ತೇ. ಕೈ ಒಳಗೆ ತೆಗೆದುಕೊಂಡರು.

"ಮೊದಲು ಜಾಸ್ತಿ ಹೇಳ್ತಿತ್ತು" ಅಂದರು ನಿಧಾನಕ್ಕೆ. "ಈಗ ಕಮ್ಮಿ ಹೇಳ್ತಿದೆ. ಲೂಸ್ ಬೆಸುಗೆ ಇದ್ದಿದ್ರೆ ಅಂಕಿ ಕುಣೀತಿತ್ತು. ಇದು ಕುಣೀಲಿಲ್ಲ, ಮೊದಲಿಂದ್ಲೂ ಒಂದೇ ಸಮ ಇತ್ತು. ನೀನು ಎರಡೂವರೆ ಕಳೆದಿದೀಯ, ಅಲ್ವಾ?"

"ಹೂಂ" ಅಂದೆ.

"ನಾನು ಕೇಳಿದ್ದು ತಾರಸಿ ಮಾತು ಅಂದ್ಕೊಂಡಿದ್ದೆ. ನಿನ್ನ ಮಾತಾ ಅದು, ಎರಡು ವಾರದಿಂದ? ಕಣ್ಣಿಲ್ಲದವನಿಗೆ ಏನು ಹೇಳಿದ್ರೂ ನಡೆಯುತ್ತೆ ಅಂತಾನಾ?"

ತಪ್ಪಾಯಿತು ಅನ್ನಬೇಕಿತ್ತು. ಅದೇ ಸರಿ. ಆದರೆ ನನ್ನ ಬಾಯಿ ಎಲ್ಲಿ ನನ್ನ ಮಾತು ಕೇಳುತ್ತದೆ? "ಹೌದು, ಕಳೆದೆ! ನಾಲ್ಕು ದಿನ ಹುಡುಕಿದೆ, ಸಿಗಲಿಲ್ಲ, ಕಳೆದೆ! ನೀವು ಎರಡು ವಾರ ಮಾತಾಡಿದ್ರಿ. ನಕ್ಕಿದ್ರಿ. ಅದಕ್ಕೋಸ್ಕರ ಎರಡೂವರೆ ಯಾಕೆ, ಇಪ್ಪತ್ತು ಡಿಗ್ರಿ ಬೇಕಾದ್ರೂ ಕಳೀತಿದ್ದೆ! ಈ ಮನೇಲಿ ಗೋಡೆ ಜೊತೆ ಒಂದೂವರೆ ವರ್ಷ ಸಂಸಾರ ಮಾಡಿದೀನಿ, ಗೊತ್ತೇನ್ರೀ ನಿಮಗೆ?" ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವರು ಸ್ಪೀಕರನ್ನು ಕೈಯಲ್ಲಿ ತಡವಿ ಮೆಲ್ಲಗೆ ನನ್ನ ಕಡೆ ಸರಿಸಿದರು. "ತೆಗೆದಿಡು" ಅಂದರು.

ಆವತ್ತು ಮಾತಿಲ್ಲ. ಮರುದಿನ, ಪುಸ್ತಕ ಶುರುವಾಗಬೇಕಿದ್ದ ದಿನ, ಆವತ್ತೂ ಮಾತಿಲ್ಲ. ನಾದಿನಿ ಪೆನ್ನು ಕೊಂಡುಕೊಂಡು ಬಂದಿದ್ದಳು ಪಾಪ, ಬಾಗಿಲಲ್ಲೇ ನಮ್ಮ ಮುಖ ನೋಡಿ "ಏನಾಯ್ತು ಅತ್ತಿಗೆ?" ಅಂದಳು. ಎಲ್ಲ ಹೇಳಿದೆ. "ಅಣ್ಣನ ಹತ್ರ ಅಂಕಿ ವಿಷಯದಲ್ಲಾ ಅತ್ತಿಗೆ? ಬೇರೆ ಯಾವ ಸುಳ್ಳೂ ಸಿಗಲಿಲ್ವಾ ನಿಮಗೆ?" ಅಂತ ತಲೆ ಮೇಲೆ ಕೈ ಇಟ್ಟುಕೊಂಡಳು. ಕೈಯಾರೆ ಹಾಳು ಮಾಡಿಕೊಂಡೆ ಅಂತ ನನಗೂ ಗೊತ್ತಿತ್ತು. ಒಂದು ಸಲ ಕುರ್ಚಿಗೆ ಹೋದವರನ್ನು ಎಬ್ಬಿಸಲು ಒಂದೂವರೆ ವರ್ಷ ಹಿಡಿದಿತ್ತು. ಎರಡನೇ ಸಲಕ್ಕೆ ನನ್ನ ಹತ್ತಿರ ಏನೂ ಉಳಿದಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ನಾನು ಚಹಾ ಸೋಸುತ್ತಿದ್ದಾಗ ಒಳಗಿನಿಂದ ದನಿ ಬಂತು.

"ಮನೇಲಿ ಐಸ್ ಇದೆಯೇನೇ?"

ಸೋಸುವ ಜಾಲರಿ ಕೈ ತಪ್ಪಿ ಪಾತ್ರೆಯೊಳಗೆ ಬಿತ್ತು. "ಏನಂದ್ರಿ?"

"ಐಸು, ಐಸು. ಫ್ರಿಜ್ಜಲ್ಲಿ ಇರುತ್ತಲ್ಲ. ಎರಡು ರಾತ್ರಿಯಿಂದ ಯೋಚನೆ ಮಾಡ್ತಿದೀನಿ. ಸುಳ್ಳು ನಿಂದು, ಸರಿ. ಆದ್ರೆ ಮೊದಲು ಬಂದ ಎರಡೂವರೆ ನಿಂದಲ್ಲ. ಅದು ಎಲ್ಲಿಂದ ಬಂತು ಅಂತ ಗೊತ್ತಾಗಬೇಕು. ಗೊತ್ತಾಗದೆ ನನಗೆ ನಿದ್ದೆ ಬರಲ್ಲ."

ಹಾಗೆ ಅಂದದ್ದಕ್ಕೆ ನಾನು ಆ ಎರಡೂವರೆ ಡಿಗ್ರಿಗೆ ಸಾವಿರ ನಮಸ್ಕಾರ ಹಾಕುತ್ತೇನೆ. ನನ್ನ ಅಳು ಮಾಡದ ಕೆಲಸವನ್ನು, ಬೈಗುಳ ಮಾಡದ ಕೆಲಸವನ್ನು ಅದು ಮಾಡಿತು.

ಮೊದಲು ನನ್ನ ಕೈಯಿಂದಲೇ ಆ ಕಳೆಯುವ ಸಾಲನ್ನು ಅಳಿಸಿಹಾಕಿಸಿದರು. ಅಳಿಸುವಾಗ ಕುರ್ಚಿಯ ಪಕ್ಕದಲ್ಲೇ ಕೂರಿಸಿಕೊಂಡು "ಅಳಿಸಿದೆ ಅಂತ ಬಾಯಿಬಿಟ್ಟು ಹೇಳು" ಅಂದರು, ಹೇಳಿದೆ. ಆಮೇಲೆ ಸೆನ್ಸರನ್ನು ಮಾತ್ರ ಡಬ್ಬಿಯಿಂದ ಬಿಚ್ಚಿ, ತಾರಸಿಯಿಂದ ಕಿಟಕಿಯೊಳಗೆ ಬರುವಷ್ಟು ಉದ್ದನೆಯ ವೈರಿಗೆ ಜೋಡಿಸಲು ಹೇಳಿದರು. ಐಸನ್ನು ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಪುಡಿ ಮಾಡಿ ಲೋಟಕ್ಕೆ ತುಂಬಿ, ಸ್ವಲ್ಪ ನೀರು ಹಾಕಿದೆ. ಸೆನ್ಸರಿಗೆ ಒಂದು ಸಣ್ಣ ಪ್ಲಾಸ್ಟಿಕ್ ಕವರು ತೊಡಿಸಿ ಅದರೊಳಗೆ ಇಳಿಬಿಟ್ಟೆವು. ಕರಗುತ್ತಿರುವ ಐಸು ಯಾವತ್ತೂ ಸೊನ್ನೆ ಡಿಗ್ರಿಯಲ್ಲೇ ಇರುತ್ತದಂತೆ. ಥರ್ಮಾಮೀಟರು ಸತ್ಯ ಹೇಳುತ್ತದೋ ಇಲ್ಲವೋ ನೋಡಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲವಂತೆ. ಹತ್ತು ನಿಮಿಷ ಕಾದು ಇವರು ಗುಂಡಿ ಒತ್ತಿದರು.

"ಸೊನ್ನೆ! ಪಾಯಿಂಟ್! ಎರಡು!"

"ಅಯ್ಯೋ, ಸರಿಯಾಗೇ ಹೇಳ್ತಿದೆಯಲ್ಲ ರೀ!" ಅಂದೆ.

"ಹೂಂ. ಸೆನ್ಸರಿಗೆ ಏನೂ ಆಗಿಲ್ಲ. ಅದು ಕೂತಿರೋ ಜಾಗಕ್ಕೇ ಏನೋ ಆಗಿದೆ." ಕುರ್ಚಿಯ ಎರಡೂ ಕೈ ಹಿಡಿದು ಎದ್ದು ನಿಂತರು. "ನಡಿ. ಮೇಲೆ ಕರ್ಕೊಂಡು ಹೋಗು ನನ್ನ."

ತಾರಸಿಗೆ ಹದಿನಾಲ್ಕು ಮೆಟ್ಟಿಲು, ಹೊರಗೋಡೆಗೆ ಅಂಟಿಕೊಂಡು ಹತ್ತುತ್ತವೆ. ಒಂದು ಕೈ ಕಂಬಿಯ ಮೇಲೆ, ಒಂದು ಕೈ ನನ್ನ ಹೆಗಲ ಮೇಲೆ. ಏಳನೇ ಮೆಟ್ಟಿಲಲ್ಲಿ ನಿಂತರು. "ಸಾಕಾಯ್ತಾ? ಇಳಿಯೋಣ್ವಾ?" ಅಂದೆ. "ಸುಮ್ನಿರೇ, ಉಸಿರು ತಗೋತಿದೀನಿ" ಅಂತ ಗದರಿದರು. ಗದರಿಸಿಕೊಂಡು ಇಷ್ಟು ಸಂತೋಷಪಟ್ಟ ಹೆಂಗಸು ಪ್ರಪಂಚದಲ್ಲಿ ಇನ್ನೊಬ್ಬಳು ಇರಲಾರಳು.

ಕಂಬದ ಹತ್ತಿರ ನಿಲ್ಲಿಸಿದೆ. ಸೆನ್ಸರು ಬಿಚ್ಚಿದ್ದೆನೇ ಹೊರತು ಬೋರ್ಡು ಇನ್ನೂ ಡಬ್ಬಿಯೊಳಗೇ ಓಡುತ್ತಿತ್ತು, ಮುಚ್ಚಳವನ್ನು ಮತ್ತೆ ಬಿಗಿಯಾಗಿ ಮುಚ್ಚಿದ್ದೆ. ಇವರು ಡಬ್ಬಿಯ ಮೈಯನ್ನು ಎರಡೂ ಕೈಯಿಂದ ತಡವಿದರು. ಮೇಲೆ, ಕೆಳಗೆ, ಸುತ್ತಲೂ. ಸಂದುಗಳ ಮೇಲೆ ಉಗುರು ಓಡಿಸಿದರು.

"ಇದೇನು, ಎಲ್ಲಾ ಕಡೆ ಅಂಟು ಮೆತ್ತಿದೀಯ?"

"ನೀರು ಹೋಗಬಾರದಲ್ಲ!"

"ಗಾಳಿ?"

ನಾನು ಸಂದಿನ ಅಂಟನ್ನು ಉಗುರಿನಿಂದ ಕೆರೆಯತೊಡಗಿದೆ.

ಮುಚ್ಚಳ ತೆಗೆಸಿದರು. ಬೆರಳು ಒಳಗೆ ಹಾಕಿ ಮೆಲ್ಲಗೆ ಹುಡುಕುತ್ತಾ ಹೋದರು. ಒಂದು ಕಡೆ ಬೆರಳು ನಿಂತಿತು. "ಇದು ಯಾವುದು?"

"ಬೋರ್ಡು. ಕೆಳಗೆ ಸುದ್ದಿ ಕಳಿಸೋದು ಅದೇ."

"ಮುಟ್ಟಿ ನೋಡು."

ಮುಟ್ಟಿದೆ. ಬೆಚ್ಚಗಿತ್ತು. ಚಹಾ ಕುಡಿದಿಟ್ಟ ಲೋಟದಷ್ಟು ಬೆಚ್ಚಗಿತ್ತು. ನಾಲ್ಕು ದಿನ ಮೀಟರಿನ ಮೊನೆಯಿಂದ ಮುಟ್ಟಿದ್ದೆ ಅದನ್ನು, ಕೈಯಿಂದ ಒಂದು ಸಲವೂ ಮುಟ್ಟಿರಲಿಲ್ಲ. ಅಂಗಡಿಯಲ್ಲಿ ಪರೀಕ್ಷೆ ಮಾಡುವಾಗಲಾದರೂ ಮೇಜಿನ ಮೇಲೆ ಬಿಚ್ಚಿಟ್ಟು ಗುಂಡಿ ಒತ್ತಿ ನೋಡಿದ್ದೆನೇ? ಇಲ್ಲ, ಅಂಕಿ ಕೇಳುವ ಮೊದಲು ಪ್ರತಿ ಸಲ ಡಬ್ಬಿಗೆ ಹಾಕಿ ಮುಚ್ಚಿಯೇ ನೋಡಿದ್ದೆ.

"ಪಕ್ಕದಲ್ಲಿ ಒಲೆ ಹಚ್ಚಿ, ಬಾಗಿಲು ಹಾಕಿ, ಹೊರಗೆ ಎಷ್ಟು ಸೆಕೆ ಅಂತ ಕೇಳಿದ್ರೆ ಪಾಪ ಅದೇನು ಹೇಳುತ್ತೆ?" ಅಂದರು. "ಗಾಳಿ ಇಲ್ಲದ ದಿನ ಎರಡೂವರೆ ಜಾಸ್ತಿ. ಗಾಳಿ ಬೀಸಿದ ದಿನ ಡಬ್ಬಿ ತಣ್ಣಗಾಗುತ್ತೆ, ಜಾಸ್ತಿ ಇರೋದು ಬರೀ ಅರ್ಧ. ನೀನು ಅವತ್ತೂ ಎರಡೂವರೆ ಕಳೆದೆ, ಅದಕ್ಕೇ ಸಿಕ್ಕಿಬಿದ್ದೆ." ಆಮೇಲೆ ನಕ್ಕು, "ಕಳ್ಳತನ ಮಾಡಕ್ಕೂ ಹವಾಮಾನ ಗೊತ್ತಿರಬೇಕು ಮೆಕ್ಯಾನಿಕ್ಕು" ಅಂದರು.

ನಿಲ್ದಾಣದ ಬಿಳಿ ಪೆಟ್ಟಿಗೆಯ ನಾಲ್ಕು ಕಡೆಯೂ ಓರೆ ಪಟ್ಟಿ ಹೊಡೆದಿರುತ್ತಾರೆ, ಬಿಸಿಲು ಒಳಗೆ ಬರಬಾರದು, ಗಾಳಿ ಮಾತ್ರ ಬಂದು ಹೋಗುತ್ತಿರಬೇಕು ಅಂತ ಅವರು ವಿವರಿಸಿದರು. ಎಷ್ಟೋ ವರ್ಷ ಆ ಪೆಟ್ಟಿಗೆಯನ್ನು ನೋಡಿದ್ದೇನೆ, ಪಟ್ಟಿ ಅಲಂಕಾರಕ್ಕೆ ಅಂದುಕೊಂಡಿದ್ದೆ. ನನ್ನ ಕಸುಬಿನಲ್ಲಿ ಎಲ್ಲವನ್ನೂ ಬಿಗಿಯಾಗಿ ಮುಚ್ಚಬೇಕು, ಅವರದರಲ್ಲಿ ತೆರೆದೇ ಇಡಬೇಕು. ನಾನು ನನ್ನ ಕಸುಬಿನ ಬುದ್ಧಿಯಲ್ಲಿ ಅವರ ಕೆಲಸ ಮಾಡಲು ಹೋಗಿದ್ದೆ.

ಆವತ್ತು ಅಂಗಡಿ ತೆರೆಯಲಿಲ್ಲ. ಬೋರ್ಡನ್ನು ಕೆಳಗೆ ಮನೆಯೊಳಗೆ ಇಟ್ಟು, ಉದ್ದನೆಯ ವೈರಿನಲ್ಲಿ ಸೆನ್ಸರನ್ನು ಮಾತ್ರ ಮೇಲೆ ತಂದೆವು. ಹೂಕುಂಡದ ಕೆಳಗೆ ಇಡುವ ಬಿಳಿ ತಟ್ಟೆಗಳು ಎಂಟು ಇದ್ದವು. ಅವನ್ನು ಕವುಚಿ ಹಾಕಿ, ಮೇಲಿನದೊಂದು ಬಿಟ್ಟು ಉಳಿದವಕ್ಕೆ ಮಧ್ಯೆ ಸೆನ್ಸರು ಕೂರುವಷ್ಟು ತೂತು ಕೊರೆದೆ. ಒಂದರ ಮೇಲೊಂದು ಬೆರಳಷ್ಟು ಸಂದು ಬಿಟ್ಟು ಮೂರು ಉದ್ದನೆಯ ಬೋಲ್ಟುಗಳಿಗೆ ಪೋಣಿಸುವ ಕೆಲಸ ಇವರದು. ತಾರಸಿಯ ನೆರಳಲ್ಲಿ ಚಾಪೆ ಹಾಕಿಕೊಂಡು ಕೂತು, ತಟ್ಟೆ, ನಟ್ಟು, ತಟ್ಟೆ, ನಟ್ಟು ಅಂತ ಬೆರಳಲ್ಲೇ ಅಳೆದು ಹಾಕಿದರು. ನಾನು ಹಾಕಿದ್ದರೆ ಅಷ್ಟು ಸಮನಾಗಿ ಬರುತ್ತಿರಲಿಲ್ಲ. ಎರಡು ನಟ್ಟು ಕಳೆದುಹೋದವು, ನೀನು ಕಳೆದದ್ದು ನೀವು ಕಳೆದದ್ದು ಅಂತ ಚೆನ್ನಾಗಿ ಜಗಳವಾಡಿದೆವು.

ಸಂಜೆ ಐದೂವರೆಗೆ ನಾದಿನಿಯನ್ನು ಕರೆಸಿದರು. "ನಿಮ್ಮ ಅತ್ತಿಗೆ ಮಾತು ನಂಬಕ್ಕಾಗಲ್ಲ, ನೀನು ಗಾಜಿಂದು ನೋಡಿ ಹೇಳಮ್ಮ" ಅಂದರು. ನನ್ನ ಕಡೆ ತಿರುಗಿ ತುಟಿಯಂಚಿನಲ್ಲಿ ನಗುತ್ತಿದ್ದರು. ಬೈಸಿಕೊಳ್ಳುವ ಸರದಿ ನನ್ನದು, ಬೈಸಿಕೊಂಡೆ. ಇವರ ಅಂದಾಜು ಇಪ್ಪತ್ತನಾಲ್ಕು. ಗಾಜಿನದು ಇಪ್ಪತ್ತನಾಲ್ಕು. ಕೆಳಗಿನಿಂದ ಸ್ಪೀಕರು ತಂದು ಒತ್ತಿದರೆ "ಇಪ್ಪತ್ತಮೂರು! ಪಾಯಿಂಟ್! ಒಂಬತ್ತು!" ನಾದಿನಿ ತನ್ನದೇ ದನಿಗೆ ತಾನೇ ಚಪ್ಪಾಳೆ ಹೊಡೆದಳು.

ಮತ್ತೆ ಎರಡು ವಾರ ಹೋಲಿಕೆ ನಡೆಯಿತು. ನಿಯಮ ಅಂದರೆ ನಿಯಮ. ಕಿಟಕಿಯಿಂದ ಕೈ ಹಾಕುವುದು ಈಗ ನಿಂತಿತ್ತು. ದಿನಾ ಎರಡು ಸಲ ಮೇಲೆ ಹೋಗಿಯೇ ನಿಲ್ಲುತ್ತಿದ್ದರು. ಮೊದಲ ವಾರ ನನ್ನ ಹೆಗಲು ಬೇಕಿತ್ತು. ಎರಡನೇ ವಾರ ಕಂಬಿ ಒಂದೇ ಸಾಕಾಯಿತು. ಗಾಳಿ ಬಂತು, ಮಳೆ ಬಂತು, ಒಂದು ದಿನ ಉರಿ ಬಿಸಿಲು. ಅಂಕಿ ಮಿಸುಕಲಿಲ್ಲ.

ಹದಿನೈದನೇ ಬೆಳಿಗ್ಗೆ ಎಂಟು ಗಂಟೆಗೆ ತಾರಸಿಯಲ್ಲಿ ಚಾಪೆ ಹಾಸಿ ಪುಸ್ತಕ ತೆಗೆದೆ. ನಾದಿನಿಯೂ ಶಾಲೆಗೆ ಹೋಗುವ ದಾರಿಯಲ್ಲಿ ಬಂದು ಕೂತಿದ್ದಳು. ಬರೆಯುವವಳು ನಾನು, ಓದುವವರು ಇವರು.

"ಕೊನೇ ಸಾಲು ಯಾವ ತಾರೀಕು?" ಅಂದರು. ಓದಿದೆ. ಅವರದೇ ಅಕ್ಷರ, ಕೊನೆಯ ಕೆಲವು ಸಾಲು ಓರೆಕೋರೆಯಾಗಿ ಒಂದರ ಮೇಲೊಂದು ಹತ್ತಿದ್ದವು.

"ಅಲ್ಲಿಂದ ನಿನ್ನೆವರೆಗೆ ಎಷ್ಟು ದಿನ ಆಗುತ್ತೆ?"

ನಾದಿನಿ ಬೆರಳು ಮಡಿಸಿ ಲೆಕ್ಕ ಹಾಕಿ ಐನೂರ ತೊಂಬತ್ತಾರು ಅಂದಳು.

"ಹಾಗೇ ಮುಂದೆ ಬರೆಯಕ್ಕಾಗಲ್ಲ. ತಪ್ಪಿಹೋದ ಓದಿಗೆ ಕೆಂಪು ಶಾಯೀಲಿ ಒಂದು ಗೆರೆ ಎಳೆದು ಕಾರಣ ಬರೀಬೇಕು. ಎಳಿ."

ಎಳೆದೆ. "ಕಾರಣ ಏನಂತ ಬರೀಲಿ? ಉಪಕರಣ ಇರಲಿಲ್ಲ ಅಂತಾನಾ?"

"ಇತ್ತಲ್ಲ, ಗಾಜಿಂದು. ಸುಳ್ಳು ಬರೀಬೇಡ."

"ಮತ್ತೆ, ಕಣ್ಣಿನ ತೊಂದರೆ ಅಂತ..."

"ಅದೂ ಅಲ್ಲ. ಕಣ್ಣು ಈಗಲೂ ಇಲ್ಲ, ಈಗ ಓದ್ತಿದೀನಲ್ಲ." ಆಮೇಲೆ ಕಚೇರಿಯಲ್ಲಿ ಬರೆಸುವ ದನಿಯಲ್ಲಿ, "ಬರಿ. ವೀಕ್ಷಕ ಗೈರುಹಾಜರು" ಅಂದರು.

ನನ್ನ ಪೆನ್ನು ನಿಂತಿತು. "ಇಲ್ಲೇ ಇದ್ರಲ್ಲ ರೀ. ಒಂದು ದಿನವೂ ಮನೆ ಬಿಟ್ಟು ಹೋಗಲಿಲ್ಲ, ಕುರ್ಚೀಲೇ ಇದ್ರಿ."

"ಇರಲಿಲ್ಲ ಕಣೇ. ನಿನಗೆ ಗೊತ್ತು ಅದು. ಐನೂರ ತೊಂಬತ್ತಾರು ದಿನ ನೀನೊಬ್ಬಳೇ ಇದ್ದೆ ಈ ಮನೇಲಿ." ಕೈ ಚಾಚಿ ಗಾಳಿಯಲ್ಲಿ ಹುಡುಕಿ ನನ್ನ ಮೊಣಕೈ ಹಿಡಿದುಕೊಂಡರು. "ಬರಿ."

ಬರೆದೆ. ಕೆಂಪು ಅಕ್ಷರ ನನಗೆ ಕಾಣುತ್ತಿರಲಿಲ್ಲ, ಆದರೂ ಬರೆದೆ. ನಾದಿನಿ ಬೇರೆ ಕಡೆ ಮುಖ ತಿರುಗಿಸಿ ಕೂತಿದ್ದಳು.

ಎಂಟೂವರೆಯಾಯಿತು. ಇವರು ಗುಂಡಿ ಒತ್ತಿ, ಬಂದದ್ದನ್ನು ಬಾಯಲ್ಲಿ ಒಮ್ಮೆ ಹೇಳಿಕೊಂಡು, ನನಗೆ ಬರೆಸಿದರು. ಇಪ್ಪತ್ತೆರಡು ಪಾಯಿಂಟ್ ಆರು. ಕೊನೆಯಲ್ಲಿ ಷರಾ ಬರೆಯುವ ಸಣ್ಣ ಜಾಗವೊಂದಿದೆ. ಮೋಡ, ಮಂಜು, ಗುಡುಗು ಏನಿದ್ದರೂ ಅಲ್ಲಿ ಬರೆಯುವುದು.

"ಷರಾ ಏನಾದ್ರೂ ಇದೆಯಾ?" ಅಂದೆ, ಮೂಗು ಒರೆಸಿಕೊಳ್ಳುತ್ತಾ.

"ಇದೆ" ಅಂದರು. "ವೀಕ್ಷಕ ಹಾಜರು."